ಒಂದಂಗುಲ ಚರ್ಮ

ಸಿಂಧನೂರಿನ ಔಷಧಿ ಅಂಗಡಿಯಲ್ಲಿ ಸ್ಟೋಮಾ ಬ್ಯಾಗ್ ಕೇಳಿದರೆ ಮೂತ್ರದ ಚೀಲ ತಂದು ಮುಂದಿಡುತ್ತಾರೆ. “ಇದಲ್ಲಪ್ಪ, ಹೊಟ್ಟಿಗಿ ಅಂಟಸೋದು” ಎಂದರೆ ಹುಡುಗ ನನ್ನ ಹೊಟ್ಟೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, “ರಾಯಚೂರಾಗ ಸಿಗ್ತಾವೇನೋ ನೋಡ್ರಿ ಸರ್” ಅನ್ನುತ್ತಾನೆ. ಪಾಪ, ಅವನಿಗೇನು ಗೊತ್ತು. ದೊಡ್ಡ ಕರುಳು ತೆಗೆಸಿಕೊಂಡು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆಸಿಕೊಂಡವನೂ ಅಂಗಿ ತೊಟ್ಟು ನಿಂತರೆ ನಾಲ್ಕು ಜನರಂತೆಯೇ ಕಾಣುತ್ತಾನೆ.

ಆ ಕೆಂಪು ಬಾಯನ್ನು ಕಂಡರೆ ಜನಕ್ಕೆ ಹೆದರಿಕೆ. ಅದನ್ನು ಮುಟ್ಟಿದರೆ ನೋವೇ ಇಲ್ಲ. ಉರಿಯುವುದೆಲ್ಲ ಅದರ ಸುತ್ತಲಿನ ಒಂದಂಗುಲ ಚರ್ಮ. ಸಣ್ಣ ಕರುಳಿನಿಂದ ಬರುವುದರಲ್ಲಿ ಜೀರ್ಣರಸದ ಕಸುವು ಇನ್ನೂ ಇಳಿದಿರುವುದಿಲ್ಲ. ಅದಕ್ಕೆ ಸೋನಾ ಮಸೂರಿ ಅನ್ನವೂ ಒಂದೇ, ನನ್ನ ಚರ್ಮವೂ ಒಂದೇ. ರಾತ್ರಿಯಿಡೀ ಚೀಲದ ಅಂಚಿನಡಿ ನಿಂತಿತೆಂದರೆ ಬೆಳಗಾಗುವಷ್ಟರಲ್ಲಿ ಮೇಲುಚರ್ಮ ಕಿತ್ತು ನೀರೊಸರುತ್ತದೆ. ಒಸರುವ ಚರ್ಮಕ್ಕೆ ಅಂಟು ಹಿಡಿಯದು. ಅಂಟು ಹಿಡಿಯದಿದ್ದರೆ ಮತ್ತೆ ಸೋರಿಕೆ.

ಸೋರಿಕೆಯ ಗುಣವನ್ನು ತುಂಗಭದ್ರಾ ಎಡದಂಡೆಯ ರೈತರಿಗೆ ಹೇಳಿಕೊಡಬೇಕಿಲ್ಲ. ಜಿನುಗುವ ಕಡೆ ಹೊರಗಿನಿಂದ ಮಣ್ಣು ಒತ್ತಿದರೆ ಕಾಲುವೆ ನೀರು ನಿಲ್ಲದು, ಒಳಗಿನ ಸಂದು ಹುಡುಕಬೇಕು. ಚೀಲದ ಅಂಚಿಗೆ ಟೇಪಿನ ಮೇಲೆ ಟೇಪು ಅಂಟಿಸುವುದೂ ಹಾಗೆಯೇ ದಂಡ. ಸಂದು ಇರುವುದು ಬಹಳ ಸಲ ನಾವು ಕತ್ತರಿಸಿದ ತೂತಿನಲ್ಲಿ. ಆಪರೇಷನ್ ಆದ ಹೊಸದರಲ್ಲಿ ಊದಿಕೊಂಡಿರುವ ಬಾಯಿ 6–8 ವಾರಗಳಲ್ಲಿ ಕುಗ್ಗುತ್ತದೆ. ಬಾಯಿಯ ಸುತ್ತ 2–3 ಮಿ.ಮೀ. ಬಿಟ್ಟು ಕತ್ತರಿಸಿದರೆ ಸಾಕು. ಅದಕ್ಕಿಂತ ಅಗಲವಾದರೆ ಬರಿ ಚರ್ಮ ಹೊಲಸಿಗೆ ಒಡ್ಡಿಕೊಂಡಿರುತ್ತದೆ.

ಉಪಚಾರ ಹೇಳುವವರಿಗೇನೂ ಬರವಿಲ್ಲ. ಅರಿಶಿಣ ಅನ್ನುವವರಿದ್ದಾರೆ, ಕೊಬ್ಬರಿ ಎಣ್ಣೆ ಅನ್ನುವವರಿದ್ದಾರೆ, ನಮ್ಮ ದೊಡ್ಡವ್ವನದು ಬೆಣ್ಣೆ. ಜಿಡ್ಡು ಸೋಕಿದ ಕಡೆ ಚೀಲ ಜಾರುತ್ತದೆ ಎಂದು ಆಕೆಗೆ ಹೇಳಿ ಸಾಕಾಗಿದೆ. ಬರೀ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆ ಒತ್ತಿ ಪೂರ್ತಿ ಒಣಗಿಸಿ, ಹಸಿಗಾಯದ ಮೇಲೆ ಚಿಟಿಕೆ ಸ್ಟೋಮಾ ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಚೀಲ ಅಂಟಿಸಿದ ಮೇಲೆ ಅಂಗೈಯ ಬಿಸಿ ತಾಗುವಂತೆ ಒಂದಿಷ್ಟು ಹೊತ್ತು ಒತ್ತಿ ಹಿಡಿಯಬೇಕು. ಮೂರನೇ ಒಂದು ಭಾಗ ತುಂಬುತ್ತಲೇ ಖಾಲಿ ಮಾಡಬೇಕು, ಭಾರಕ್ಕೆ ಅಂಟು ಬಿಡುತ್ತದೆ. ನಮ್ಮ ಕಡೆಯ ಬೇಸಿಗೆ ಬೇರೆ. ಬೆವರಿಗೆ ಯಾವ ಕಂಪನಿಯ ಅಂಟೂ ಪೂರ್ತಿ ಬಾಳಿಕೆ ಬರುವುದಿಲ್ಲ.

1950ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಸರ್ಜನ್ ರೂಪರ್ಟ್ ಟರ್ನ್‌ಬುಲ್ ಇಂಥ ಚರ್ಮಕ್ಕೆ ಕರಾಯ ಗೋಂದಿನ ಪುಡಿ ಹಾಕಿ ನೋಡಿ ಗೆದ್ದರು. ಆ ಗೋಂದು ನಮ್ಮ ದೇಶದ್ದೇ, ಒಣ ಕಲ್ಲುಗುಡ್ಡಗಳಲ್ಲಿ ಬೆಳೆಯುವ ಮರದ್ದು. 1958ರಲ್ಲಿ ಅವರು ಚೀಲದ ಆರೈಕೆ ಕಲಿಸಲು ಕರೆದುಕೊಂಡದ್ದು ತಮ್ಮ ರೋಗಿ ನಾರ್ಮಾ ಗಿಲ್ ಅವರನ್ನು. ಆಕೆ ಡಾಕ್ಟರಲ್ಲ, ನರ್ಸೂ ಅಲ್ಲ. ಸ್ವತಃ ಚೀಲ ಕಟ್ಟಿಕೊಂಡವರು. ಅದು ಸರಿಯಾದ ಆಯ್ಕೆ ಅನ್ನಿಸುತ್ತದೆ ನನಗೆ.

ಲಿಂಗಸುಗೂರಿನ ಹಿರಿಯರೊಬ್ಬರು ಆಗಾಗ ನನಗೆ ಫೋನ್ ಮಾಡುತ್ತಾರೆ. ಮಸ್ಕಿಯಲ್ಲಿ ಮದುವೆ, ಬಸ್ಸಿನಲ್ಲಿ ಸೋರಿದರೆ ಮರ್ಯಾದೆ ಹೋಗುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದರು.

“ನೀರು ಬಿಟ್ರ ಸೋರೋದು ನಿಲ್ಲಂಗಿಲ್ಲ ಕಾಕಾ, ಕಣ್ಣಿಗಿ ಕತ್ತಲಿ ಬರ್ತೈತಿ. ಓಆರ್‌ಎಸ್ ಕುಡೀರಿ, ಮೆತ್ತಗ ಅನ್ನ ಉಣ್ರಿ, ಗಟ್ಟಿ ಬರ್ತೈತಿ. ತೂತು ಎಷ್ಟು ಕತ್ತರಸ್ತೀರಿ?”

“ಆಸ್ಪತ್ರ್ಯಾಗ ಅಳತಿ ಬರದು ಕೊಟ್ಟಾರಲ್ಲಪ್ಪ, ಅಷ್ಟ.”

“ಆಪರೇಷನ್ ಆಗಿ ಎಷ್ಟು ದಿನ ಆತ್ರಿ?”

“ಉಗಾದಿಗಿ ವರ್ಷ ಆಗ್ತೈತಿ ನೋಡು.”