ಕಟ್ಟಾಯದ ತಾರಸಿಯ ಮೇಲೆ

ಹಾಸನದಿಂದ ಸಾಲಗಾಮೆ ರಸ್ತೆ ಹಿಡಿದು ಹೋದವರಿಗೆ ದೊಡ್ಡ ದೊಡ್ಡ ಬಿಳಿಯ ಡಿಶ್‌ಗಳು ಆಕಾಶ ನೋಡುತ್ತ ಕುಳಿತಿರುವುದು ಕಾಣುತ್ತದೆ. ಅದು ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ. ನಮ್ಮ ಕಡೆಯವರ ಬಾಯಲ್ಲಿ ‘ಎಂಸಿಎಫ್’. 1982ರಲ್ಲಿ ಇನ್ಸಾಟ್-1ಎ ಹಾರಿದಾಗಿನಿಂದ ನಮ್ಮ ದೇಶದ ಭೂಸ್ಥಿರ ಉಪಗ್ರಹಗಳ ಲಗಾಮು ಇಲ್ಲಿದೆ. 2005ರಲ್ಲಿ ಭೋಪಾಲದಲ್ಲೂ ಇಂಥದೇ ಇನ್ನೊಂದು ಕೇಂದ್ರ ಶುರುವಾಯಿತು. ಆದರೂ ಹಾಸನದವರಿಗೆ ಇದು ನಮ್ಮದು ಎಂಬ ಹೆಮ್ಮೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುವ ನನಗೆ ಆ ಹೆಮ್ಮೆ ಒಂದು ಹಿಡಿ ಹೆಚ್ಚೇ ಇತ್ತು. ಅದನ್ನು ಇಳಿಸಿದ್ದು ನಮ್ಮೂರು ಕಟ್ಟಾಯದ ಒಂದು ತಾರಸಿ.

ಕಟ್ಟಾಯ ಹಾಸನ ತಾಲ್ಲೂಕಿನ ಹೋಬಳಿ ಕೇಂದ್ರ. ಬಸ್ಸಿನಲ್ಲಿ ಕುಳಿತರೆ ಎರಡೂ ಕಡೆ ರಾಗಿ, ಆಲೂಗೆಡ್ಡೆ, ಜೋಳದ ಹೊಲಗಳು, ನಡುನಡುವೆ ತೆಂಗಿನ ತೋಟಗಳು. ಗೊರೂರು ಅಲ್ಲಿಂದ ದೂರವಿಲ್ಲ. ಊರಿನಲ್ಲಿ ನಮ್ಮದು ಹಳೆಯ ಹೆಂಚಿನ ಮನೆ. ಅದರ ಪಕ್ಕಕ್ಕೆ ಆಮೇಲೆ ಸೇರಿಸಿದ ಒಂದು ಕೋಣೆಗೆ ಮಾತ್ರ ತಾರಸಿ. ದೊಡ್ಡಪ್ಪ ತೀರಿಕೊಂಡ ಮೇಲೆ ಆ ಮನೆಯಲ್ಲಿ ದೊಡ್ಡಮ್ಮ ಒಬ್ಬರೇ. ಮಗ ಬೆಂಗಳೂರಿನಲ್ಲಿ, ನಾನು ಹಾಸನದಲ್ಲಿ. “ಇಲ್ಲಿಗೇ ಬಂದುಬಿಡಿ” ಎಂದು ನಾವಿಬ್ಬರೂ ಹೇಳುವುದು, ಅವರು ಕೇಳಿಸದವರಂತೆ ಎಮ್ಮೆಗೆ ಹುಲ್ಲು ಹಾಕಲು ಏಳುವುದು ಪ್ರತಿ ಹಬ್ಬದಲ್ಲೂ ನಡೆಯುತ್ತಿತ್ತು.

ಒಂಟಿತನ ಕಳೆಯಲೆಂದು ನಾನು ಅವರಿಗೊಂದು ಡಿಶ್ ಹಾಕಿಸಿಕೊಟ್ಟೆ. ದೂರದರ್ಶನ 2004ರ ಡಿಸೆಂಬರಿನಲ್ಲಿ ‘ಡಿಡಿ ಡೈರೆಕ್ಟ್ ಪ್ಲಸ್’ ಎಂಬ ಉಚಿತ ಸೇವೆ ಶುರುಮಾಡಿತ್ತು. ಮುಂದೆ ಅದೇ ‘ಡಿಡಿ ಫ್ರೀ ಡಿಶ್’ ಆಯಿತು. ಒಮ್ಮೆ ಡಿಶ್ಶು, ಬಾಕ್ಸು ಕೊಂಡರೆ ಮುಗಿಯಿತು, ತಿಂಗಳ ಬಾಡಿಗೆ ಇಲ್ಲ. ದೊಡ್ಡಮ್ಮನಿಗೆ ಹಿಡಿಸಿದ್ದೇ ಅದು. ಸಂಜೆಯಾದರೆ ಚಂದನ ವಾಹಿನಿ ಹಾಕಿಕೊಂಡು ಕೂರುವರು. ‘ಥಟ್ ಅಂತ ಹೇಳಿ’ಯಲ್ಲಿ ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳಿದರೆ ಇವರು ಉತ್ತರ ಗೊತ್ತಿರಲಿ ಬಿಡಲಿ ಒಂದು ಮಾತು ಹೇಳುವರು. ಖಾಲಿ ಮನೆಯಲ್ಲಿ ಮಾತಿಗೆ ಮಾತು ಕೊಡುವ ದನಿ ಅದೊಂದೇ.

2007ರಲ್ಲಿ ಸುದ್ದಿ ಬಂತು. ಅಲ್ಲಿಯವರೆಗೆ ಈ ಚಾನೆಲ್‌ಗಳು 95 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದ ಎನ್‌ಎಸ್‌ಎಸ್-6 ಎಂಬ ವಿದೇಶಿ ಉಪಗ್ರಹದಿಂದ ಬರುತ್ತಿದ್ದವು. ಆ ವರ್ಷದ ಮಾರ್ಚಿಯಲ್ಲಿ ನಮ್ಮದೇ ಇನ್ಸಾಟ್-4ಬಿ ಫ್ರೆಂಚ್ ಗಯಾನಾದ ಕೌರು ನೆಲೆಯಿಂದ ಹಾರಿ 93.5 ಡಿಗ್ರಿಯಲ್ಲಿ ಕುಳಿತಿತ್ತು. ಚಾನೆಲ್‌ಗಳನ್ನೆಲ್ಲ ಅದಕ್ಕೆ ಸ್ಥಳಾಂತರಿಸುತ್ತಾರಂತೆ, ಡಿಶ್ ತಿರುಗಿಸಿಕೊಳ್ಳಬೇಕಂತೆ.

ನಾನು ದೊಡ್ಡಮ್ಮನಿಗೆ ಹಾಗೆಯೇ ಹೇಳಿದೆ: “ಚಾನೆಲ್‌ಗಳ ಸ್ಥಳಾಂತರ ಆಗುತ್ತದೆ.”

ಅವರು ಅಕ್ಕಿ ಆರಿಸುವ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. “ಸ್ಥಳಾಂತರವಾ? ಪರಿಹಾರ ಕೊಡ್ತಾರಂತೇನಪ್ಪ?”

ಬೇರೆ ಊರಿನವರಿಗೆ ಇದು ತಮಾಷೆಯಾಗಿ ಕೇಳಿಸೀತು. ನಮ್ಮ ಸೀಮೆಯಲ್ಲಿ ಸ್ಥಳಾಂತರ ಎಂಬ ಮಾತಿಗೆ ಬೇರೆ ತೂಕವಿದೆ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಇಗರ್ಜಿ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮತ್ತೆ ನಿಂತುಕೊಳ್ಳುವುದನ್ನು ನೋಡಲು ಈಗ ಕಾರುಗಳಲ್ಲಿ ಜನ ಬರುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಇಗರ್ಜಿಯ ಗೋಡೆಯೇನೋ ಕಾಣುತ್ತದೆ. ಸುತ್ತ ಇದ್ದ ಊರುಗಳು ಕಾಣುವುದಿಲ್ಲ. ದೊಡ್ಡಮ್ಮನ ತವರು ಅಂಥದೊಂದು ಊರು. ಅವರ ಅಣ್ಣತಮ್ಮಂದಿರಿಗೆ ಬೇರೆ ಕಡೆ ಜಮೀನು ಸಿಕ್ಕಿತು. ದೊಡ್ಡಮ್ಮನಿಗೆ ಹಬ್ಬಕ್ಕೆ ಹೋಗುವ ತವರು ಇಲ್ಲವಾಯಿತು.

ಒಂದು ಬೇಸಿಗೆಯಲ್ಲಿ ಅವರನ್ನು ಹಿನ್ನೀರಿನ ದಡಕ್ಕೆ ಕರೆದುಕೊಂಡು ಹೋಗಿದ್ದೆ. ಎದುರಿಗೆ ಬರೀ ನೀರು, ಅಂಚಿನಲ್ಲಿ ಒಡೆದ ಕೆಸರು. ಅವರು ಸುಮ್ಮನೆ ಸ್ವಲ್ಪ ಹೊತ್ತು ನಿಂತು ಬೆರಳು ಚಾಚಿದರು. “ಅಗೋ, ಅಲ್ಲಿ ನಮ್ಮ ಮನೆ. ಅದರ ಆಚೆಗೆ ಬಾವಿ.” ಬೆರಳು ಒಂದಿಷ್ಟೂ ಅಲ್ಲಾಡಲಿಲ್ಲ.

ಡಿಶ್ ವಿಷಯಕ್ಕೆ ಬರುತ್ತೇನೆ. ಮಳೆಗಾಲದ ಒಂದು ಭಾನುವಾರ ನಾನು ಶಾಲೆಯ ಪ್ರಯೋಗಾಲಯದಿಂದ ದಿಕ್ಸೂಚಿ, ದೊಡ್ಡ ಕೋನಮಾಪಕ, ಒಂದು ತೂಗುಗುಂಡು ಚೀಲಕ್ಕೆ ಹಾಕಿಕೊಂಡು ಕಟ್ಟಾಯದ ಬಸ್ಸು ಹತ್ತಿದೆ. ಲೆಕ್ಕವೆಲ್ಲ ರಾತ್ರಿಯೇ ಮಾಡಿಟ್ಟಿದ್ದೆ.

ಲೆಕ್ಕ ಕಷ್ಟದ್ದಲ್ಲ. ಭೂಸ್ಥಿರ ಉಪಗ್ರಹ ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುತ್ತದೆ. ಆದ್ದರಿಂದ ನಮಗೆ ಅದು ಒಂದೇ ಕಡೆ ನಿಂತಂತೆ. 93.5 ಡಿಗ್ರಿ ಎಂದರೆ ಸುಮಾತ್ರಾದ ಪಶ್ಚಿಮಕ್ಕೆ, ಸಮುದ್ರದ ನೆತ್ತಿಯ ಮೇಲೆ. ಕಟ್ಟಾಯದಿಂದ ನೋಡಿದರೆ ಆಗ್ನೇಯ ದಿಕ್ಕಿಗೆ, ನೆಲಮಟ್ಟದಿಂದ ಸುಮಾರು 65 ಡಿಗ್ರಿ ಮೇಲೆ. ಹಳೆಯ ಮತ್ತು ಹೊಸ ಉಪಗ್ರಹಗಳ ನಡುವಿನ ಒಂದೂವರೆ ಡಿಗ್ರಿ ಆ ಎತ್ತರದಲ್ಲಿ 1,100 ಕಿಲೋಮೀಟರಿಗೂ ಹೆಚ್ಚು. ನಮ್ಮ ತಾರಸಿಯಲ್ಲಿ ಮಾತ್ರ ಡಿಶ್ಶಿನ ಅಂಚು ಒಂದು ಬೆರಳಿನಗಲ ದಕ್ಷಿಣಕ್ಕೆ ಸರಿಯಬೇಕು, ಮುಖ ಒಂದು ಚೂರು ಮೇಲೇಳಬೇಕು, ಅಷ್ಟೆ. ಆದರೆ ಅಷ್ಟು ಸರಿಯದಿದ್ದರೆ ಆಗದು. ಎರಡಡಿಯ ಡಿಶ್ಶಿನ ನೋಟ ಬಹಳ ಕಿರಿದು. ಒಂದೂವರೆ ಡಿಗ್ರಿ ತಪ್ಪಿದರೆ ಅರ್ಧದಷ್ಟು ಶಕ್ತಿ ಕೈಬಿಟ್ಟಿತು. ಮೇಲೊಂದು ಮಳೆ ಮೋಡ ಬಂದರೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇ ಹೋಗುತ್ತದೆ.

ಇಷ್ಟೆಲ್ಲ ತಿಳಿದವನು ತಾರಸಿ ಹತ್ತಿದೆ. ದಿಕ್ಸೂಚಿ ಡಿಶ್ಶಿನ ಕಬ್ಬಿಣದ ಹತ್ತಿರ ಹಿಡಿದರೆ ತಲೆತಿರುಗಿದವರಂತೆ ಆಡಿತು. ದೂರ ನಿಂತು ದಿಕ್ಕು ಗುರುತು ಮಾಡಿಕೊಂಡೆ. ಡಿಶ್ಶಿನ ಮುಖಕ್ಕೆ ಕೋನಮಾಪಕ ಇಟ್ಟು, ತೂಗುಗುಂಡು ಬಿಟ್ಟು, ನಟ್ಟು ಸಡಿಲಿಸಿ ಸರಿಯಾಗಿ 65 ಡಿಗ್ರಿಗೆ ಎತ್ತಿದೆ. ಅದು ಹೆಚ್ಚುಕಡಿಮೆ ಮಳೆನೀರು ಹಿಡಿಯುವ ಪಾತ್ರೆಯಂತೆ ಆಕಾಶಕ್ಕೆ ಬಾಯಿ ತೆರೆದು ಮಲಗಿತು. ಕೆಳಗಿನಿಂದ ದೊಡ್ಡಮ್ಮ ಕೂಗಿದರು: “ಎಲ್ಲ ಹೋಯ್ತು ಕಣಪ್ಪ!”

ಸಂಜೆಯವರೆಗೆ ತಿರುಗಿಸಿದೆ. ಹಳೆಯದೂ ಹೋಯಿತು, ಹೊಸದೂ ಇಲ್ಲ. ಮಳೆ ಹನಿಯತೊಡಗಿತು. ದೊಡ್ಡಮ್ಮ ಕಾಫಿ ಕೊಟ್ಟು ಮೆಲ್ಲಗೆ ಕೇಳಿದರು: “ಹಾಸನದಲ್ಲೇ ಐತಂತಲ್ಲ ಅದನ್ನ ಆಡ್ಸೋ ಆಫೀಸು? ಅವರಿಗೇ ಒಂದು ಮಾತು ಹೇಳಬಾರದಾ, ನಮ್ಮ ಕಡೆ ಒಸಿ ತಿರುಗ್ಸಿ ಅಂತ?” ನಾನು ಕಾಫಿ ಕುಡಿದೆ.

ಮುಂದಿನ ಭಾನುವಾರದವರೆಗೆ ಆ ಮನೆಯಲ್ಲಿ ದನಿಯಿಲ್ಲ. ಅದು ನನ್ನದೇ ಕೆಲಸ. ಕೊನೆಗೆ ಹಾಸನದಲ್ಲಿ ಟಿ.ವಿ. ರಿಪೇರಿ ಮಾಡುವ ಒಬ್ಬ ಹುಡುಗನನ್ನು ಕರೆದುಕೊಂಡು ಹೋದೆ. ದಾರಿಯಲ್ಲಿ ತಿಳಿಯಿತು, ಅವನು ನನ್ನ ಹಳೆಯ ವಿದ್ಯಾರ್ಥಿ. ನನಗೆ ಗುರುತು ಸಿಕ್ಕಿರಲಿಲ್ಲ. ಅವನು ತಾರಸಿ ಹತ್ತಿ ನನ್ನ 65 ಡಿಗ್ರಿ ನೋಡಿ ನಗಲಿಲ್ಲ. ಅದು ಅವನ ದೊಡ್ಡತನ.

“ಸಾರ್, ಇದು ನೇರ ನೋಡೋ ಡಿಶ್ಶಲ್ಲ. ಕತ್ತು ಬಗ್ಗಿಸಿ ಹುಬ್ಬಿನ ಅಡಿಯಿಂದ ಮೇಲೆ ನೋಡೋದು” ಎಂದ.

ತಕ್ಷಣ ಎಲ್ಲ ಹೊಳೆಯಿತು. ದೊಡ್ಡ ನಿಮ್ನ ದರ್ಪಣದ ಮೇಲುಭಾಗದಿಂದ ಒಂದು ಹೋಳು ಕತ್ತರಿಸಿಕೊಂಡಂತೆ ಈ ಸಣ್ಣ ಡಿಶ್ಶುಗಳನ್ನು ಮಾಡುತ್ತಾರೆ. ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ನಡುವೆ ನಿಂತು ನೆರಳು ಹಾಕಬಾರದೆಂದು ಕೆಳಗಡೆಗೆ ಇರುತ್ತದೆ. ಹಾಗಾಗಿ ಡಿಶ್ಶಿನ ಮುಖ ಎಲ್ಲಿ ನೋಡುತ್ತದೋ ಅದಕ್ಕಿಂತ ಸುಮಾರು 25 ಡಿಗ್ರಿ ಮೇಲಿನದನ್ನು ಅದು ಹಿಡಿಯುತ್ತದೆ. 65 ಬೇಕೆಂದರೆ ಮುಖ 40ರಲ್ಲಿರಬೇಕು. ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ನಿಮ್ನ ದರ್ಪಣ ಬರೆದು ನಾಭಿ ಗುರುತಿಸುವ ನನಗೆ ಕಣ್ಣೆದುರಿನ ನಾಭಿ ಕಾಣಲಿಲ್ಲ.

ಅವನು ಕೈಯಲ್ಲಿ ಸಣ್ಣದೊಂದು ಸಿಗ್ನಲ್ ಮೀಟರ್ ಹಿಡಿದಿದ್ದ. ಆದರೂ ಅದರ ಮುಳ್ಳಿಗಿಂತ ಹೆಚ್ಚಾಗಿ ಅದರ ಕೀಚು ದನಿ ಕೇಳುತ್ತ, ಅಂಗೈಯಲ್ಲಿ ಡಿಶ್ಶಿನ ಬೆನ್ನು ತಟ್ಟಿ ತಟ್ಟಿ ಸರಿಸಿದ. ಹತ್ತು ನಿಮಿಷ. ಬಾಕ್ಸಿನಲ್ಲಿ ಹೊಸದಾಗಿ ಹುಡುಕಲು ಇನ್ನೈದು ನಿಮಿಷ. ಕೆಳಗೆ ಚಂದನ ಮಾತಾಡಿತು. “ನೀವೇ ಹೇಳ್ಕೊಟ್ಟಿದ್ದಲ್ವ ಸಾರ್, ದರ್ಪಣದ ಪಾಠ” ಎಂದ. ಆ ಪಾಠದಲ್ಲಿ ಅವನಿಗೆ ನಾನು ಎಷ್ಟು ಅಂಕ ಕೊಟ್ಟಿದ್ದೆನೋ, ಕೇಳುವ ಧೈರ್ಯ ಬರಲಿಲ್ಲ.

2010ರ ಜುಲೈನಲ್ಲಿ ಇನ್ಸಾಟ್-4ಬಿಯ ಎರಡು ಸೌರಫಲಕಗಳಲ್ಲಿ ಒಂದರ ವಿದ್ಯುತ್ತಿಗೆ ತೊಂದರೆ ಬಂದು ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳನ್ನು ನಿಲ್ಲಿಸಬೇಕಾಯಿತು. ಅದನ್ನು ನೆಚ್ಚಿದ್ದ ಒಂದು ಖಾಸಗಿ ಡಿಟಿಎಚ್ ಸಂಸ್ಥೆ 91.5 ಡಿಗ್ರಿಯ ಮಲೇಷ್ಯಾ ಉಪಗ್ರಹಕ್ಕೆ ಹೊರಳಿತು. ಅದರ ಡಿಶ್ಶುಗಳನ್ನೆಲ್ಲ ಎರಡೆರಡು ಡಿಗ್ರಿ ತಿರುಗಿಸಬೇಕು. ಮೇಲೆ ತೀರ್ಮಾನವಾದದ್ದು ಒಂದೇ ಮಾತು, ಕೆಳಗೆ ಅದಕ್ಕಾಗಿ ಯಾರೋ ಒಬ್ಬೊಬ್ಬರ ಮನೆಗೂ ಏಣಿ ಹಾಕಬೇಕು. ಆ ಏಣಿ ಹತ್ತುವವರ ಲೆಕ್ಕ ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಉಪಗ್ರಹಕ್ಕೂ ಆಯಸ್ಸಿದೆ. ಸೂರ್ಯ ಚಂದ್ರರ ಸೆಳೆತಕ್ಕೆ ಅದು ಜಾಗ ಬಿಟ್ಟು ಜಾರುತ್ತಲೇ ಇರುತ್ತದೆ. ಹಾಸನದಿಂದ ಆಜ್ಞೆ ಕೊಟ್ಟು, ಪುಟ್ಟ ಎಂಜಿನ್‌ಗಳನ್ನು ಉರಿಸಿ, ಮತ್ತೆ ಮತ್ತೆ ಅದರ ಜಾಗಕ್ಕೆ ಎಳೆದು ತರಬೇಕು. ಇಂಧನ ಮುಗಿಯುವ ಮೊದಲೇ ಉತ್ತರಾಧಿಕಾರಿ ಬರಬೇಕು. 2015ರ ನವೆಂಬರಿನಲ್ಲಿ ಜಿಸ್ಯಾಟ್-15 ಹಾರಿ ಅದೇ 93.5 ಡಿಗ್ರಿಗೆ ಬಂದು, ಇನ್ಸಾಟ್-4ಬಿಯ ಪಕ್ಕದಲ್ಲಿ ನಿಂತಿತು. ಚಾನೆಲ್‌ಗಳು ಅದಕ್ಕೆ ದಾಟಿದವು. ಮತ್ತೆ ಸ್ಥಳಾಂತರದ ಸುದ್ದಿ ಕೇಳಿ ನಾನು ಕಟ್ಟಾಯಕ್ಕೆ ಹೋದೆ. ಈ ಸಲ ಚೀಲದಲ್ಲಿ ಏನೂ ಇರಲಿಲ್ಲ. ರಿಮೋಟು ಒತ್ತಿ ಚಾನೆಲ್‌ಗಳನ್ನು ಹೊಸದಾಗಿ ಹುಡುಕಿಸಿದೆ, ಮುಗಿಯಿತು.

“ಮೇಲೆ ಹತ್ತಲಿಲ್ವಾ?” ಎಂದರು ದೊಡ್ಡಮ್ಮ.

ನಾನು ವಿವರಿಸಿದೆ. ಹಳೆಯದರ ಜಾಗಕ್ಕೇ ಹೊಸದು ಬಂದಿದೆ. ಪಕ್ಕದಲ್ಲಿ ನಿಂತು ಕೆಲಸ ವಹಿಸಿಕೊಂಡಿದೆ. ಜಾಗ ಬದಲಾಗಿಲ್ಲವಾದ್ದರಿಂದ ಕೆಳಗೆ ಯಾರೂ ಏನೂ ತಿರುಗಿಸಬೇಕಾಗಿಲ್ಲ.

ದೊಡ್ಡಮ್ಮ ಸ್ವಲ್ಪ ಹೊತ್ತು ಯೋಚಿಸಿದರು. “ಹಂಗೆ ಮಾಡಾಕೆ ಬತ್ತದೆ ಅನ್ನು” ಎಂದರು. ಆಮೇಲೆ, “ಬೆಂಗಳೂರಿನವನಿಗೂ ಇದನ್ನ ಹೇಳು. ಬರೋರು ಇಲ್ಲಿಗೇ ಬರಲಿ.”

ಅಂದಿನಿಂದ ನಾನು ಅವರನ್ನು ಹಾಸನಕ್ಕೆ ಕರೆಯುವುದು ಬಿಟ್ಟೆ. ಶನಿವಾರ ಶಾಲೆ ಬಿಟ್ಟ ಮೇಲೆ ಕಟ್ಟಾಯದ ಬಸ್ಸು ಹತ್ತುತ್ತೇನೆ, ಭಾನುವಾರ ಸಂಜೆ ಹಿಂದಿರುಗುತ್ತೇನೆ. ಬೆಂಗಳೂರಿನ ಅಣ್ಣ ರಜೆಯಲ್ಲಿ ಮಕ್ಕಳನ್ನು ಕರೆತರುತ್ತಾನೆ. ಇದರಿಂದ ಎಲ್ಲವೂ ಸರಿಹೋಯಿತೆಂದೇನೂ ಅಲ್ಲ. ವಾರದ ಉಳಿದ ದಿನಗಳಲ್ಲಿ ಅವರು ಒಬ್ಬರೇ.

ಇನ್ಸಾಟ್-4ಬಿ 2022ರ ಜನವರಿಯಲ್ಲಿ ನಿವೃತ್ತಿಯಾಯಿತು. 17ರಿಂದ 23ರವರೆಗೆ ಹನ್ನೊಂದು ಸಲ ಎಂಜಿನ್ ಉರಿಸಿ, ಉಳಿಸಿಟ್ಟ ಕೊನೆಯ ಇಂಧನದಲ್ಲಿ ಅದನ್ನು ತನ್ನ ಕಕ್ಷೆಗಿಂತ ಸುಮಾರು 340 ಕಿಲೋಮೀಟರ್ ಮೇಲಕ್ಕೆ ಏರಿಸಿದರು. ಹಿಂದೆ ಬಂದವರಿಗೆ ಅಡ್ಡವಾಗಬಾರದಲ್ಲ. 24ರಂದು ಅದರ ಕಡೆಯ ಸ್ವಿಚ್ ಆರಿತು. ನಾನು ಈ ಸುದ್ದಿಯನ್ನು ತರಗತಿಯಲ್ಲಿ ಓದಿ ಹೇಳಿದೆ. ದೊಡ್ಡಮ್ಮನಿಗೆ ಹೇಳಲಿಲ್ಲ.

ಅವರಿಗೀಗ ಎಂಬತ್ತು ದಾಟಿದೆ. ಎಮ್ಮೆ ಮಾರಿದ್ದಾರೆ. ಡಿಶ್ಶಿನ ಅಂಚಿಗೆ ತುಕ್ಕು ಹತ್ತಿದೆ. ಹೋದ ವಾರ ಬಣ್ಣ ಬಳಿಯೋಣವೆಂದು ಡಬ್ಬಿ ಹಿಡಿದು ತಾರಸಿಗೆ ಏಣಿ ಹಾಕಿದೆ. ಒಳಗೆ ಚಂದನದ ದನಿ ಕೇಳುತ್ತಿತ್ತು. ದೊಡ್ಡಮ್ಮ ಬಾಗಿಲಿಗೆ ಬಂದು ಕತ್ತೆತ್ತಿ ನೋಡಿದರು.

“ಬಣ್ಣ ಬಳಿ, ಬೇಡ ಅನ್ನಲ್ಲ. ಅದನ್ನ ಮಾತ್ರ ಅಲ್ಲಾಡಿಸಬೇಡ.”