ಗೋಡೆ ಬಿದ್ದ ಕಾರ್ತಿಕ

1 ನವೆಂಬರ್ 2024, ಶುಕ್ರವಾರ

ನಿನ್ನೆ ನರಕ ಚತುರ್ದಶಿ, ನಾಳೆ ಬಲಿಪಾಡ್ಯಮಿ, ನಡುವೆ ರಾಜ್ಯೋತ್ಸವ. ಎಂಟಕ್ಕೆಲ್ಲ ಬಾವುಟ ಏರಿಸುತ್ತೇವೆ ಅಂದಿದ್ದರು ಸಂಘದ ಹುಡುಗರು, ಏರಿದಾಗ ಒಂಬತ್ತೂಕಾಲು. ರಾತ್ರಿ ಪಟಾಕಿ ಹೊಡೆದವರೇ ಬೆಳಿಗ್ಗೆ ಕಂಬ ನೆಡಬೇಕಾದರೆ ಇನ್ನೇನಾಗುತ್ತದೆ. ಆರ್ಕೆಸ್ಟ್ರಾ ಮಾತ್ರ ಹತ್ತನೇ ತಾರೀಖು ಭಾನುವಾರಕ್ಕೆ ಇಟ್ಟುಕೊಂಡಿದ್ದಾರೆ. ಹಬ್ಬದ ದಿನ ಹಾಡುವವರು ರೇಟು ಜಾಸ್ತಿ ಕೇಳುತ್ತಾರಂತೆ. ನವೆಂಬರ್ ಪೂರ್ತಿ ರಾಜ್ಯೋತ್ಸವ ಮಾಡುವ ಊರಿನಲ್ಲಿ ಇದನ್ನು ತಪ್ಪು ಅನ್ನುವ ಹಾಗೂ ಇಲ್ಲ.

ಬಾವುಟಕ್ಕಿಂತ ದೊಡ್ಡ ಸುದ್ದಿ ಹೂವಿನವಳು ಕೊಟ್ಟಳು. ಎದುರುಮನೆಯನ್ನು ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಟ್ಟರಂತೆ. ಅವಳಿಗೆ ಇಸ್ತ್ರಿಯವನು ಹೇಳಿದ್ದು, ಅವನಿಗೆ ಬಿಲ್ಡರ್‌ನ ಡ್ರೈವರ್. ಮನೆಯವರಿಂದ ನಮಗ್ಯಾರಿಗೂ ಒಂದು ಮಾತಿಲ್ಲ. ಅವರು ಇಲ್ಲಿ ಇದ್ದಿದ್ದಾದರೂ ಯಾವಾಗ? ವರ್ಷಕ್ಕೊಮ್ಮೆ ಬಂದು, "ಹಳೇ ಬಸವನಗುಡಿ ಉಳೀಲಿಲ್ಲ ಕಣ್ರೀ" ಎಂದು ನಿಟ್ಟುಸಿರು ಬಿಟ್ಟು ಹೋಗುವವರು. ಈ ನಿಟ್ಟುಸಿರು ಬಿಡುವವರಲ್ಲಿ ಮುಕ್ಕಾಲು ಪಾಲು ಮನೆ ಮಾರಿಕೊಂಡವರೇ ಎಂಬುದು ನನ್ನ ಬಹುದಿನದ ಗುಮಾನಿ.

ಮನೆಗಿಂತ ನನಗೆ ಅದರ ಕಾಂಪೌಂಡಿನ ಚಿಂತೆ. ಬ್ಯೂಗಲ್ ರಾಕಿನ ಹಿಂದಿನ ಈ ಅಡ್ಡರಸ್ತೆಯಲ್ಲಿ ಯಾರಿಗೆ ಏನು ತಿಳಿಯಬೇಕಾದರೂ ಆ ಗೋಡೆಯೇ ಗತಿ. ಬುಡದಲ್ಲಿ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಹೂವಿನವಳು. ಮೇಲೆ ಅಂಟಿಸಿದ್ದು: ಪೇಯಿಂಗ್ ಗೆಸ್ಟ್ ಬೇಕಾಗಿದ್ದಾರೆ, ವೀಣೆ ಪಾಠ ಹೇಳಿಕೊಡಲಾಗುವುದು, ಭಾವಪೂರ್ಣ ಶ್ರದ್ಧಾಂಜಲಿ, ಕಳೆದುಹೋದ ಬೆಕ್ಕು. ಬೆಕ್ಕು ಸಿಕ್ಕಿ ಎರಡು ಸಲ ಮರಿ ಹಾಕಿತು. ಚೀಟಿ ಇನ್ನೂ ಹಾಗೇ ಇದೆ.

9 ನವೆಂಬರ್, ಶನಿವಾರ

ಮೂಲೆಮನೆ ಮೇಷ್ಟ್ರು ಹೋದರು. ಬೆಳಗಿನ ಜಾವ, ನಿದ್ದೆಯಲ್ಲೇ. ಹಾಲಿನವನು ಬರುವ ಹೊತ್ತಿಗೆ ಗೇಟಿನ ಮುಂದೆ ಹತ್ತು ಜನ ಇದ್ದರು. ಬೀದಿಯ ವಾಟ್ಸಾಪ್ ಗ್ರೂಪಿಗೆ ಸುದ್ದಿ ಬಿದ್ದಿದ್ದು ಎಂಟೂವರೆಗೆ. ಅದೂ ಯಾರೋ ಕಳಿಸಿದ ಸೂರ್ಯೋದಯದ ಚಿತ್ರ, "ಶುಭದಿನ" ಇವುಗಳ ಕೆಳಗೆ.

ನಾಳೆಯ ಆರ್ಕೆಸ್ಟ್ರಾಕ್ಕೆ ಹುಡುಗರು ರಾತ್ರಿಯೇ ಶಾಮಿಯಾನ ಹಾಕಿಸಿದ್ದರು. ನಾಲ್ವರು ನನ್ನ ಹತ್ತಿರ ಬಂದು ತಲೆ ತಗ್ಗಿಸಿ ನಿಂತರು. "ಟೀಚರ್, ಹೆಂಗ್ ಮಾಡೋದು? ಅಡ್ವಾನ್ಸ್ ಕೊಟ್ಬಿಟ್ಟಿದೀವಿ." ನಾನು ಬಾಯಿ ತೆರೆಯುವ ಮೊದಲೇ ಅವರಲ್ಲೇ ಒಬ್ಬ, ಗಡ್ಡದವನು, "ಮೇಷ್ಟ್ರ ಮನೆ ಮುಂದೆ ಬಿಸಿಲು ಬೀಳುತ್ತೆ ಕಣ್ರೋ" ಅಂದ. ಅಷ್ಟೇ. ಕಾಲು ಗಂಟೆಯಲ್ಲಿ ಶಾಮಿಯಾನ ಬಿಚ್ಚಿ ಐವತ್ತು ಅಡಿ ಆಚೆ ಕಟ್ಟಿದರು. ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ಹಿಂದೆಯೇ ಬಂದವು. ಕಂಬಗಳಿಗೆ ಸುತ್ತಿದ್ದ ಹಳದಿ ಕೆಂಪು ಪಟ್ಟಿ ಬಿಚ್ಚಲು ಸಮಯವಾಗಲಿಲ್ಲ; ಅದರ ಕೆಳಗೇ ಮೇಷ್ಟ್ರನ್ನು ಮಲಗಿಸಿದರು. ನಲವತ್ತು ವರ್ಷ ಕನ್ನಡ ಪಾಠ ಹೇಳಿದ ಮನುಷ್ಯ, ಬೇಡ ಅನ್ನುತ್ತಿರಲಿಲ್ಲ.

ಆರ್ಕೆಸ್ಟ್ರಾ 24ಕ್ಕೆ ಹೋಯಿತು. ಅವತ್ತು ಏನಿದೆ ಎಂದು ಯಾರೂ ಕ್ಯಾಲೆಂಡರ್ ನೋಡಿದ ಹಾಗಿಲ್ಲ.

13 ನವೆಂಬರ್, ಬುಧವಾರ

ಉತ್ಥಾನ ದ್ವಾದಶಿ, ತುಳಸಿ ಹಬ್ಬ. ನೆಲ್ಲಿಕೊಂಬೆಗೆ ಗಾಂಧಿ ಬಜಾರಿಗೆ ಹೋದೆ. ರಸ್ತೆಗೆ ಕಲ್ಲು ಹಾಸಿದ ಮೇಲೆ ನೋಡಲು ಚೆನ್ನ, ನನ್ನ ಮಂಡಿಗೆ ಅಷ್ಟೇನೂ ಅಲ್ಲ. ಕಾಯಿಯಿರುವ ಕೊಂಬೆಗೆ ಒಂದು ಬೆಲೆ, ಬರೀ ಎಲೆಗೆ ಇನ್ನೊಂದು. ನಾಲ್ಕು ಕಾಯಿ ಇದ್ದದ್ದನ್ನು ಆರಿಸಿ ತಂದೆ. ಮನೆಗೆ ಬರುವಷ್ಟರಲ್ಲಿ ಎರಡು ಉದುರಿದ್ದವು.

ನೀರು ಬರಲಿಲ್ಲ. ಕಾವೇರಿ ಐದನೇ ಹಂತ ಹೋದ ತಿಂಗಳು 16ಕ್ಕೆ ಉದ್ಘಾಟನೆಯಾಯಿತಲ್ಲ ಎಂದು ಪಕ್ಕದ ಮನೆಯವರು ವಾಲ್ವ್ ತಿರುಗಿಸುವವನನ್ನು ತರಾಟೆಗೆ ತೆಗೆದುಕೊಂಡರು. "ಸಾರ್, ಅದು 110 ಹಳ್ಳಿಗೆ. ನಿಮ್ದು ಹಳ್ಳೀನಾ?" ಅಂದ. ಅವನ ಮಾತು ಸರಿ. ಪಕ್ಕದ ಮನೆಯವರಿಗೆ ಇನ್ನೂ ಸಿಟ್ಟು ಇಳಿದಿಲ್ಲ.

20 ನವೆಂಬರ್, ಬುಧವಾರ

ಹೂವಿನವಳು ಬುಟ್ಟಿ ಬಿಟ್ಟು ನನ್ನ ಮೆಟ್ಟಿಲ ಮೇಲೆ ಬಂದು ಕೂತಳು. ಬಿಪಿಎಲ್ ಕಾರ್ಡು ರದ್ದಾಗುತ್ತಿದೆ ಎಂಬ ಗಲಾಟೆ ಪೇಪರಿನಲ್ಲೆಲ್ಲ. ಮಗ ಬೈಕ್ ಸಾಲ ತೆಗೆದುಕೊಂಡಿದ್ದಾನೆ, ಅದಕ್ಕೇ ಹೋಗುತ್ತೇನೋ ಎಂಬುದು ಅವಳ ಭಯ. "ಓದಿ ಹೇಳಿ ಟೀಚರಮ್ಮ." ಅರ್ಹರ ಕಾರ್ಡು ತೆಗೆಯುವುದಿಲ್ಲ ಎಂದು ಮುಖ್ಯಮಂತ್ರಿ ಹೇಳಿದ್ದನ್ನು ಓದಿದೆ. "ಅರ್ಹರು ಅಂದ್ರೆ ಯಾರು?" ಎಂದು ಕೇಳಿದಳು. ಪೇಪರಿನಲ್ಲಿ ಅದಿರಲಿಲ್ಲ. ಕಾರ್ಡಿನ ಜೆರಾಕ್ಸ್ ಮಾಡಿಸಿಟ್ಟುಕೋ, ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ನೋಡು, ತೆಗೆದುಕೊಂಡರೆ ಕಾರ್ಡು ಇದೆ ಅಂತಲೇ ಅಂದೆ.

21 ನವೆಂಬರ್, ಗುರುವಾರ

ಮೇಷ್ಟ್ರ ವೈಕುಂಠ ಸಮಾರಾಧನೆ. ಊಟ ಚೆನ್ನಾಗಿತ್ತು, ಹಯಗ್ರೀವ ಒಂದು ಕೈ ಹೆಚ್ಚೇ ತೂಗುವ ಹಾಗಿತ್ತು. ನನ್ನ ಸಾಲಿನಲ್ಲಿ ಮೇಷ್ಟ್ರ ಮಾತು ಕೋಸಂಬರಿ ಬಡಿಸುವವರೆಗೆ ನಡೆಯಿತು. ಅನ್ನ ಬಂದ ಮೇಲೆ ಚದರಡಿ ರೇಟು.

24 ನವೆಂಬರ್, ಭಾನುವಾರ

ಆರ್ಕೆಸ್ಟ್ರಾ ಇಲ್ಲ. ಆಗುವುದೂ ಸಾಧ್ಯವಿರಲಿಲ್ಲ. ಕಾರ್ತಿಕದ ಕಡೇ ಸೋಮವಾರ ನಾಳೆ, ಕಡಲೆಕಾಯಿ ಪರಿಷೆ. ಶನಿವಾರದಿಂದಲೇ ರಾಮಕೃಷ್ಣಾಶ್ರಮದ ಕಡೆಯಿಂದ ಬಸವನ ಗುಡಿಯವರೆಗೂ ರಾಶಿ ಬಿದ್ದಿದೆ. ನಮ್ಮ ಅಡ್ಡರಸ್ತೆಯ ತುಂಬ ಯಾರ್ಯಾರದೋ ಸ್ಕೂಟರು. ಬೀಟ್ ಪೊಲೀಸಿನವನು ಹುಡುಗರಿಗೆ, "ಮೈಕು ಬೇಡ, ಬುಧವಾರದ ಮೇಲೆ ಏನ್ ಬೇಕಾದ್ರೂ ಮಾಡ್ಕೊಳ್ರಪ್ಪ" ಅಂದನಂತೆ. ಡಿಸೆಂಬರ್ ಒಂದಕ್ಕೆ ಗೊತ್ತಾಯಿತು. ರಾಜ್ಯೋತ್ಸವ ಡಿಸೆಂಬರಿಗೆ ಕಾಲಿಟ್ಟಿತು.

25 ನವೆಂಬರ್, ಸೋಮವಾರ

ಆರು ಗಂಟೆಗೇ ಹೋಗಿಬಂದೆ. ತಡವಾದರೆ ದೊಡ್ಡ ಬಸವ ಕಾಣುವುದಿಲ್ಲ, ಜನರ ಬೆನ್ನು ಮಾತ್ರ. ನಾಲ್ಕೂವರೆ ಮೀಟರ್ ಎತ್ತರದ ಬಸವನನ್ನೂ ಮರೆಮಾಡುವಷ್ಟು ಬೆನ್ನುಗಳು ಬೆಂಗಳೂರಿನಲ್ಲಿವೆ.

ಮೊಮ್ಮಗಳಿಗೆ ಫೋನಿನಲ್ಲಿ ಕತೆ ಹೇಳಿದೆ. ಸುಂಕೇನಹಳ್ಳಿ, ಗವೀಪುರ, ಮಾವಳ್ಳಿ, ದಾಸರಹಳ್ಳಿಯ ರೈತರ ಕಡಲೆಕಾಯಿ ಹೊಲಕ್ಕೆ ಬಸವ ನುಗ್ಗುತ್ತಿತ್ತು. ಮೊದಲ ಫಸಲು ನಿನಗೇ ಎಂದು ಹರಕೆ ಹೊತ್ತರು. "ಆ ಹೊಲ ಈಗ ಎಲ್ಲಿದೆ ಅಜ್ಜಿ?" ನಾನು ನಿಂತಿದ್ದೇ ಅಲ್ಲಿ. ಬಸವನ ಪಾದದಲ್ಲಿ ವೃಷಭಾವತಿ ಹುಟ್ಟುತ್ತಾಳೆ ಎಂಬುದನ್ನೂ ಹೇಳಿದೆ. ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ದಾಟುತ್ತೇವಲ್ಲ ಅದೇನಾ, ಅಂದಳು. ಹೌದು, ಅದೇ.

ಚಿಂತಾಮಣಿ ಕಡೆಯ ಹೆಂಗಸೊಬ್ಬಳು ಸೇರಿನಲ್ಲಿ ಗೋಪುರ ಮಾಡಿ ಅಳೆದಳು, ಮೇಲೆ ಒಂದು ಹಿಡಿ ಹಾಕಿದಳು. ಆ ಒಂದು ಹಿಡಿಗಾಗಿಯೇ ನಾವು ಅಂಗಡಿಯ ಪ್ಯಾಕೆಟ್ ಬಿಟ್ಟು ಇಲ್ಲಿಗೆ ಬರುವುದು. ಹಸಿ ಎರಡು ಸೇರು, ಹುರಿದದ್ದು ಒಂದು. ಬಟ್ಟೆ ಚೀಲ ಒಯ್ದಿದ್ದೆ. ಪಕ್ಕದಲ್ಲಿ ನಿಂತಿದ್ದ ಟೆಕ್ಕಿ ಹುಡುಗ ಚೀಲವಿಲ್ಲದೆ ಟೋಪಿಯಲ್ಲಿ ಹಾಕಿಸಿಕೊಂಡು ಹೋದ.

ಮೇಷ್ಟ್ರ ಮನೆಗೆ ಈ ವರ್ಷ ಹಬ್ಬವಿಲ್ಲ. ಆದರೂ ಸಂಜೆ ಒಂದು ಸೇರು ಕೊಟ್ಟುಬಂದೆ. ಕಡಲೆಕಾಯಿಗೆ ಯಾವ ಸೂತಕ? ಅವರ ಹೆಂಡತಿ ಸಿಪ್ಪೆ ಬಿಡಿಸುತ್ತಾ, "ಇವರಿಗೆ ಹಲ್ಲಿರಲಿಲ್ಲ, ಆದ್ರೂ ಪ್ರತಿ ವರ್ಷ ತರೋರು, ನಾನು ಕುಟ್ಟಿ ಕೊಡ್ಬೇಕಿತ್ತು" ಅಂದು ನಕ್ಕರು. ಹದಿನೈದು ದಿನದಲ್ಲಿ ಅವರ ನಗು ನೋಡಿದ್ದು ಇವತ್ತೇ.

27 ನವೆಂಬರ್, ಬುಧವಾರ

ಪರಿಷೆಯ ಗದ್ದಲ ಮುಗಿಯಲೆಂದೇ ಕಾದಿದ್ದರೇನೋ. ಹಳೇ ಸಾಮಾನಿನವರು ಮೊದಲು ಬಂದರು. ತೇಗದ ಬಾಗಿಲು, ಕಿಟಕಿಯ ಕಂಬಿ, ಜಂತೆ, ಕಡಪಾ ಕಲ್ಲು ಎಲ್ಲ ಲಾರಿಗೆ. ಹನ್ನೊಂದಕ್ಕೆ ಜೆಸಿಬಿ. ಗೋಡೆ ನಾನು ಅಂದುಕೊಂಡಷ್ಟು ಹೊತ್ತು ನಿಲ್ಲಲಿಲ್ಲ. ಒಳಗೆಲ್ಲ ಬರೀ ಮಣ್ಣು ಗಾರೆ. ಇಷ್ಟು ವರ್ಷ ಅಂಟಿಸಿದ ಪೋಸ್ಟರುಗಳೇ ಹಿಡಿದಿಟ್ಟಿದ್ದವು ಅನ್ನಿಸುತ್ತದೆ.

ಕಟ್ಟೆಯ ಕಲ್ಲನ್ನು ಹುಡುಗರು ಲಾರಿಗೆ ಹಾಕಗೊಡಲಿಲ್ಲ. ಆಮೇಲೆ ಅದನ್ನು ಎಲ್ಲಿಡುವುದು ಎಂಬ ಪಂಚಾಯ್ತಿ. ಪಕ್ಕದವರಿಗೆ ಕಾರು ತಿರುಗಿಸಬೇಕು. ಆಚೆಯವರಿಗೆ ಹೂವಿನ ನಾರು, ಎಲೆ ಗುಡಿಸುವವರು ಯಾರು ಎಂಬ ಪ್ರಶ್ನೆ. ಇಸ್ತ್ರಿಯವನು ತನ್ನ ಗಾಡಿ ಪಕ್ಕ ಇರಲಿ ಅಂದ. ಇದ್ದಿಲ ಕಾವಿಗೆ ಹೂವು ಬಾಡುತ್ತದೆ ಎಂದು ಹೂವಿನವಳೇ ಒಪ್ಪಲಿಲ್ಲ. ಕೊನೆಗೆ ಎಲ್ಲರೂ ನನ್ನ ಗೇಟು ನೋಡಿದರು. ನಾನು ಎರಡು ಷರತ್ತು ಹಾಕಿದೆ: ಕಸ ಅವಳದೇ, ಬೆಳಿಗ್ಗೆ ಆರಕ್ಕೆ ಮುಂಚೆ ಸುದ್ದಿ ಬೇಡ. ಮೊದಲನೆಯದಕ್ಕೆ ತಲೆಯಾಡಿಸಿದಳು.

1 ಡಿಸೆಂಬರ್, ಭಾನುವಾರ

ಫೆಂಗಲ್ ಚಂಡಮಾರುತ ನಿನ್ನೆ ರಾತ್ರಿ ಪುದುಚೇರಿಯ ಹತ್ತಿರ ದಡ ಸೇರಿತಂತೆ. ಇಲ್ಲಿ ಬೆಳಗಿನಿಂದ ಜಿಟಿಜಿಟಿ, ಸ್ವೆಟರ್ ತೆಗೆಯುವ ಹಾಗಿಲ್ಲ. ಶಾಮಿಯಾನ ನೀರು ತುಂಬಿ ಜೋತುಬಿದ್ದಿದೆ, ಹುಡುಗರು ಕೋಲಿನಿಂದ ಎತ್ತಿ ಎತ್ತಿ ಚೆಲ್ಲುತ್ತಿದ್ದಾರೆ. ಆರ್ಕೆಸ್ಟ್ರಾ ನಡೆದೇ ತೀರುತ್ತದಂತೆ, ಕೀಬೋರ್ಡಿಗೆ ಟಾರ್ಪಾಲ್ ಹೊದಿಸುತ್ತಾರಂತೆ. ಮೇಷ್ಟ್ರ ಹೆಸರಿನಲ್ಲಿ ಎರಡು ಬಹುಮಾನ ಕೊಡುತ್ತಾರೆ, ಕನ್ನಡದಲ್ಲಿ ಹೆಚ್ಚು ಅಂಕ ತೆಗೆದ ಬೀದಿಯ ಮಕ್ಕಳಿಗೆ. ಇಬ್ಬರೂ ಈಗ ಕನ್ನಡ ಮೊದಲ ಭಾಷೆಯಾಗಿ ಓದುತ್ತಿಲ್ಲ ಎಂಬುದು ಬೇರೆ ಮಾತು.

ಎದುರು ನಿವೇಶನದ ಸುತ್ತ ನೀಲಿ ತಗಡು ಬಂದಿದೆ. ಅದಕ್ಕೆ ಅಂಟು ಹಿಡಿಯುವುದಿಲ್ಲ. ವೀಣೆ ಪಾಠದವರು ತಂತಿಯಲ್ಲಿ ಬೋರ್ಡು ಕಟ್ಟಿಹೋದರು.

ಮಧ್ಯಾಹ್ನ ಬಿಲ್ಡರ್ ಕಡೆಯವನೊಬ್ಬ ಕೊಡೆ ಹಿಡಿದು ನನ್ನ ಗೇಟಿಗೆ ಬಂದ. ನನಗಲ್ಲ, ಹೂವಿನವಳಿಗೆ. ಧನುರ್ಮಾಸ ಹದಿನಾರಕ್ಕೆ ಶುರು, ಅದಕ್ಕೆ ಮುಂಚೆ ಗುದ್ದಲಿ ಪೂಜೆ ಆಗಬೇಕು. ಹತ್ತು ಮಾರು ಸೇವಂತಿಗೆ, ಎರಡು ದೊಡ್ಡ ಹಾರ, ಬಿಡಿ ಹೂವು ಬೇರೆ. ಕಟ್ಟುತ್ತಿದ್ದ ಕಾಕಡದಿಂದ ಕಣ್ಣೆತ್ತದೆ ಅವಳು ಹೇಳಿದ ರೇಟು ಕೇಳಿ ನಾನು ಮೆಲ್ಲಗೆ ಒಳಗೆ ಹೋದೆ. ಅವನು ಚೌಕಾಸಿ ಮಾಡಿದ ಹಾಗೆ ಕಾಣಲಿಲ್ಲ. "ಅರ್ಧ ಅಡ್ವಾನ್ಸ್ ಕೊಟ್ಟೋಗಿ ಅಣ್ಣ" ಅಂದಿದ್ದು ಅಡುಗೆಮನೆಯವರೆಗೂ ಕೇಳಿಸಿತು.