ಮಾತ್ರೆ ಬಿಡುವ ಮುನ್ನ ಒಂದು ಮಾತು



ನಮ್ಮೆಲ್ಲರ ಮನೆಯಲ್ಲೂ ಅರ್ಧ ಮುಗಿದ ಮಾತ್ರೆಗಳ ಒಂದು ಡಬ್ಬಿ ಇರುತ್ತದೆ. ಅದರಲ್ಲಿ ಬಿಪಿಯ ಮಾತ್ರೆ ಇರುತ್ತದೆ, ಸಕ್ಕರೆ ಕಾಯಿಲೆಯದ್ದು ಇರುತ್ತದೆ, ಸೊಸೆ ಬಸುರಿಯಾಗಿದ್ದಾಗ ಕೊಟ್ಟ ಕಬ್ಬಿಣಾಂಶದ ಮಾತ್ರೆಯೂ ಇರುತ್ತದೆ. ವೈದ್ಯರು ಬರೆದುಕೊಟ್ಟರು, ದುಡ್ಡು ಕೊಟ್ಟು ತಂದೆವು, ನಾಲ್ಕು ದಿನ ನುಂಗಿದೆವು. ಹೊಟ್ಟೆ ತೊಳಸಿತು, ತಲೆ ಸುತ್ತಿತು ಅಥವಾ ಕೆಮ್ಮು ಹತ್ತಿತು. ಬಿಟ್ಟುಬಿಟ್ಟೆವು. ಬಿಟ್ಟ ವಿಷಯ ಗಂಡನಿಗೂ ಗೊತ್ತಿಲ್ಲ, ಮಕ್ಕಳಿಗೂ ಗೊತ್ತಿಲ್ಲ, ಮುಖ್ಯವಾಗಿ ವೈದ್ಯರಿಗೆ ಗೊತ್ತಿಲ್ಲ. ಇಂದು ನಾನು ನಿಮ್ಮೊಂದಿಗೆ ಮಾತನಾಡಬೇಕೆಂದಿರುವುದು ಈ ಮೌನದ ಬಗ್ಗೆ.

ನಾನು ವೈದ್ಯಳಲ್ಲ. ಮದ್ರಸಾದಲ್ಲಿ ಕಲಿತು, ಬಳಿಕ ಬಿ.ಎ. ಮುಗಿಸಿ, ಚಿಂತಾಮಣಿ ತಾಲೂಕಿನ ಮುರುಗಮಲ್ಲದಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿರುವವಳು. ನಮ್ಮೂರಿನ ಅಮ್ಮಾಜಾನ್ ಬಾವಾಜಾನ್ ದರ್ಗಾದ ಹೆಸರನ್ನು ನೀವು ಕೇಳಿರಬಹುದು. ಹಿಂದೂ ಮುಸ್ಲಿಮರೆನ್ನದೆ ದೂರದ ಊರುಗಳಿಂದ ಜನ ಇಲ್ಲಿಗೆ ಬರುತ್ತಾರೆ. ಬರುವವರಲ್ಲಿ ಕಾಯಿಲೆಯವರು ಬಹಳ. ಅವರ ಜೊತೆ ಬಂದ ತಾಯಂದಿರು, ಅಕ್ಕತಂಗಿಯರು ಒಬ್ಬ ಹೆಣ್ಣುಮಗಳು ಸಿಕ್ಕರೆ ಸಾಕು, ಮನಸ್ಸು ಬಿಚ್ಚಿ ಮಾತನಾಡುತ್ತಾರೆ. ಹಾಗೆ ಕೇಳಿದ್ದು ಮತ್ತು ನನ್ನ ಸ್ವಂತ ಮನೆಯಲ್ಲಿ ಕಂಡದ್ದು, ಇವೆರಡೇ ಈ ಬರಹಕ್ಕೆ ಬಂಡವಾಳ.

ಮೊದಲು ನನ್ನ ಖಾಲಾ ಅವರ ವಿಷಯ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯ ಮನೆಗೆ ಸೊಸೆಯಾಗಿ ಹೋದವರು ಅವರು. ಬಿಪಿಗೆ ವೈದ್ಯರು ಆಮ್ಲೋಡಿಪಿನ್ ಎಂಬ ಮಾತ್ರೆ ಕೊಟ್ಟಿದ್ದರು. ಕೆಲವು ವಾರಗಳಲ್ಲಿ ಎರಡೂ ಪಾದಗಳ ಗಿಣ್ಣು ಊದಿಕೊಂಡಿತು. "ಮಾತ್ರೆ ಕಿಡ್ನಿಗೆ ಹೊಡೆದಿದೆ" ಎಂದು ಪಕ್ಕದ ಮನೆಯವರು ಹೇಳಿದರು. ಖಾಲಾ ಹೆದರಿ ಮಾತ್ರೆ ನಿಲ್ಲಿಸಿದರು, ಯಾರಿಗೂ ಹೇಳಲಿಲ್ಲ. ಬಾವು ಇಳಿಯಿತು. ಅವರಿಗೆ ಸಮಾಧಾನವಾಯಿತು. ಆದರೆ ಬಾವು ಇಳಿದ ಹಾಗೆ ಬಿಪಿ ಏರುತ್ತಿದ್ದುದು ಯಾರ ಕಣ್ಣಿಗೂ ಕಾಣಲಿಲ್ಲ. ಐದು ತಿಂಗಳ ನಂತರ ಒಂದು ಬೆಳಗ್ಗೆ ಫಜ್ರ್ ನಮಾಝಿಗೆ ಎದ್ದವರಿಗೆ ಬಾಯಿ ಸೊಟ್ಟಗಾಯಿತು, ಬಲಗೈ ಬಿದ್ದುಹೋಯಿತು. ಲಕ್ವ ಹೊಡೆದಿತ್ತು. ಇಂದಿಗೂ ಅವರು ಎಡಗೈಯಿಂದಲೇ ಊಟ ಮಾಡಬೇಕಾಗಿದೆ.

ಆ ಮಾತ್ರೆ ಕೈಕಾಲಿನ ಸಣ್ಣ ರಕ್ತನಾಳಗಳನ್ನು ಸಡಿಲಿಸಿ ಬಿಪಿ ಇಳಿಸುತ್ತದೆ. ಹಾಗೆ ಸಡಿಲಿಸಿದಾಗ ಕೆಲವರಿಗೆ ನೀರಿನಂಶ ಜಿನುಗಿ ಪಾದದ ಬಳಿ ನಿಲ್ಲುತ್ತದೆ. ದಿನವಿಡೀ ನಿಂತು ಕೆಲಸ ಮಾಡುವವರಿಗೆ ಇನ್ನೂ ಹೆಚ್ಚು. ಅದು ಕಿಡ್ನಿ ಕೆಟ್ಟಿದ್ದರ ಗುರುತಲ್ಲ. ಕಾಲಿನ ಬಾವಿಗೆ ಹೃದಯ, ಕಿಡ್ನಿಯ ತೊಂದರೆಯೂ ಕಾರಣವಾಗಬಹುದು ಎಂಬುದೂ ನಿಜ. ಯಾವುದು ಯಾವುದೆಂದು ಹೇಳಬೇಕಾದವರು ಪರೀಕ್ಷೆ ಮಾಡಿದ ವೈದ್ಯರು, ಪಕ್ಕದ ಮನೆಯವರಲ್ಲ. ಹೇಳಿದ್ದರೆ ಅವರು ಪ್ರಮಾಣ ಇಳಿಸುತ್ತಿದ್ದರು ಅಥವಾ ಬೇರೆ ಮಾತ್ರೆ ಬರೆಯುತ್ತಿದ್ದರು.

ಇದೇ ಬಿಪಿ ನನ್ನ ಅಮ್ಮಿಗೂ ಬಂತು. ಅವರಿಗೆ ಕೊಟ್ಟದ್ದು ಎನಲಾಪ್ರಿಲ್. ಅಮ್ಮಿಗೆ ಒಣಕೆಮ್ಮು ಶುರುವಾಯಿತು. ಕಫವಿಲ್ಲ, ಜ್ವರವಿಲ್ಲ, ಗಂಟಲಲ್ಲಿ ಕೆರೆತ, ರಾತ್ರಿಯಿಡೀ ನಿದ್ದೆಯಿಲ್ಲ. ಶುಂಠಿ, ಜೇನು, ಕೆಮ್ಮಿನ ಸಿರಪ್ಪು, ಎಲ್ಲವೂ ಆಯಿತು. ಟಿಬಿ ಇರಬಹುದೆಂದು ಕಫ ಪರೀಕ್ಷೆಯ ಮಾತೂ ಬಂತು. ಟೀಚರ್ ಕೆಲಸದ ಅಭ್ಯಾಸಬಲದಿಂದ ನಾನು ಮಾತ್ರೆ ಶುರುವಾದ ದಿನವನ್ನೂ ಕೆಮ್ಮು ಶುರುವಾದ ದಿನವನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ನಡುವೆ ಹದಿನೈದು ದಿನಗಳ ಅಂತರವಿತ್ತು, ಅಷ್ಟೇ. ಪುಸ್ತಕವನ್ನು ವೈದ್ಯರ ಮೇಜಿನ ಮೇಲಿಟ್ಟೆ. "ನೀವೇ ಡಾಕ್ಟರಾ?" ಎಂದು ಅವರು ಸ್ವಲ್ಪ ಬಿಗಿಯಾಗಿಯೇ ಕೇಳಿದರು. "ಇಲ್ಲ ಸಾರ್, ಟೀಚರ್. ಬರೆದಿಡೋದು ಅಭ್ಯಾಸ" ಎಂದೆ. ಅವರು ನಕ್ಕು ಓದಿದರು. ಓದಿ, "ಇದು ಮಾತ್ರೆಯ ಕೆಮ್ಮೇ" ಎಂದರು.

'ಪ್ರಿಲ್' ಎಂದು ಕೊನೆಯಾಗುವ ಹೆಸರಿನ ಬಿಪಿ ಮಾತ್ರೆಗಳು ಕೆಲವರಿಗೆ ಒಣಕೆಮ್ಮು ತರುತ್ತವೆ. ದೇಹದಲ್ಲಿ ಬ್ರಾಡಿಕೈನಿನ್ ಎಂಬ ಒಂದು ವಸ್ತು ಇದೆ. ಅದು ಕರಗಿಹೋಗುವುದನ್ನು ಈ ಮಾತ್ರೆಗಳು ತಡೆಯುತ್ತವೆ. ಅದು ಶೇಖರವಾಗಿ ಗಂಟಲು, ಶ್ವಾಸನಾಳಗಳನ್ನು ಕೆರಳಿಸುತ್ತದೆ. ವೈದ್ಯರು ಅಮ್ಮಿಗೆ ಲೊಸಾರ್ಟನ್ ಬರೆದರು. ತಿಂಗಳು ತುಂಬುವುದರೊಳಗೆ ಕೆಮ್ಮು ಹೋಯಿತು, ಬಿಪಿ ಹಿಡಿತದಲ್ಲೇ ಉಳಿಯಿತು. ಒಂದೇ ತಾಯಿಯ ಮಕ್ಕಳಾದ ಇಬ್ಬರು ಹೆಂಗಸರು, ಇಬ್ಬರಿಗೂ ಬಿಪಿ, ಇಬ್ಬರಿಗೂ ಮಾತ್ರೆಯಿಂದ ತೊಂದರೆ. ಒಬ್ಬರ ತೊಂದರೆ ವೈದ್ಯರ ಕಿವಿಗೆ ಬಿತ್ತು, ಇನ್ನೊಬ್ಬರದು ಬೀಳಲಿಲ್ಲ.

ಹಾಗಾದರೆ ನಾವು ಯಾಕೆ ಹೇಳುವುದಿಲ್ಲ? ಆಸ್ಪತ್ರೆಯ ಕೋಣೆಯನ್ನು ಸ್ವಲ್ಪ ನೆನಪಿಸಿಕೊಳ್ಳಿ. ಕಾಯಿಲೆ ಹೆಂಡತಿಯದು, ಮಾತನಾಡುವವರು ಗಂಡ. ಕಾಯಿಲೆ ತಾಯಿಯದು, ಮಾತನಾಡುವವನು ಮಗ. "ಏನಮ್ಮಾ, ಹೇಗಿದ್ದೀರಿ?" ಎಂದು ವೈದ್ಯರು ಕೇಳುತ್ತಾರೆ, "ಪರವಾಗಿಲ್ಲ ಡಾಕ್ಟ್ರೇ" ಎಂದು ಪಕ್ಕದಲ್ಲಿ ನಿಂತವರು ಉತ್ತರಿಸುತ್ತಾರೆ. ಹೊರಗೆ ಐವತ್ತು ಮಂದಿ ಕಾಯುತ್ತಿರುತ್ತಾರೆ. ಇದರ ಮೇಲೆ ನಾಚಿಕೆ ಬೇರೆ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಇಪ್ಪತ್ತರ ಆಸುಪಾಸಿನ ಮಗಳನ್ನು ಕರೆದುಕೊಂಡು ನಮ್ಮೂರಿಗೆ ಬಂದಿದ್ದರು. ಹುಡುಗಿ ಒಬ್ಬಳೇ ಮಾತನಾಡುತ್ತಿದ್ದಳು, ನಿದ್ದೆ ಮಾಡುತ್ತಿರಲಿಲ್ಲ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ನಡೆದು ಆರು ತಿಂಗಳು ಚೆನ್ನಾಗಿಯೇ ಇದ್ದಳಂತೆ. ಮಾತ್ರೆ ಬಿಟ್ಟದ್ದೇಕೆ ಎಂದು ಕೇಳಿದಾಗ ಆ ತಾಯಿ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ಮೂರು ತಿಂಗಳು ಮುಟ್ಟು ನಿಂತುಹೋಯ್ತು ಆಪಾ. ಎದೆಯಲ್ಲಿ ಹಾಲೂ ಬಂತು. ಮದುವೆ ಆಗದ ಹುಡುಗಿ. ಜನಕ್ಕೆ ತಿಳಿದರೆ ಏನಂತಾರೆ? ಗಂಡಸು ಡಾಕ್ಟರ್ ಹತ್ರ ಇದನ್ನೆಲ್ಲ ಹೇಗೆ ಹೇಳೋದು?"

ಸಹೋದರಿಯರೇ, ಆ ತಾಯಿಯ ಭಯ ನಮಗೆ ಅರ್ಥವಾಗುತ್ತದೆ. ಆದರೆ ರಿಸ್ಪೆರಿಡೋನ್‌ನಂತಹ ಕೆಲವು ಮಾತ್ರೆಗಳು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಮುಟ್ಟು ನಿಲ್ಲಿಸಬಹುದು, ಹಾಲು ಬರಿಸಬಹುದು ಎಂಬುದು ಮನೋವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಒಂದು ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ, ಮಾತ್ರೆ ಬದಲಿಸಲು ಸಾಧ್ಯವಿದೆ. ಹುಡುಗಿಯ ಮಾನ ಕಳೆಯುವ ಯಾವ ಮಾತೂ ಅದರಲ್ಲಿಲ್ಲ. ನಾನು ಆ ತಾಯಿಗೆ ವಿಷಯವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. "ಬಾಯಲ್ಲಿ ಹೇಳಬೇಡಿ, ಇದನ್ನು ಡಾಕ್ಟರ ಕೈಗೆ ಕೊಡಿ" ಎಂದೆ. ಅವರು ಹಿಂದಿರುಗಿ ಹೋಗಿ ತೋರಿಸಿದರು, ಮಾತ್ರೆ ಬದಲಾಯಿತು. ಅಲ್‌ಹಮ್ದುಲಿಲ್ಲಾಹ್, ಹುಡುಗಿ ಈಗ ಮನೆಯಲ್ಲೇ ಕುಳಿತು ಬಟ್ಟೆ ಹೊಲಿಯುತ್ತಾಳೆ.

ದುವಾ ಮಾಡಬೇಡಿ ಎಂದು ಯಾವ ವೈದ್ಯರೂ ಹೇಳುವುದಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 'ದವಾ-ದುವಾ' ಎಂಬ ಹೆಸರಿನಿಂದಲೇ ಒಂದು ಯೋಜನೆ ನಡೆದು, ಅಲ್ಲಿನ ಮುಜಾವರರೇ ಕಾಯಿಲೆಯವರನ್ನು ಮನೋವೈದ್ಯರ ಬಳಿಗೆ ಕಳುಹಿಸಿದರು. ನಮ್ಮ ಕರ್ನಾಟಕದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ 'ಮನೋಚೈತನ್ಯ' ಎಂಬ ಕಾರ್ಯಕ್ರಮ 2014ರಲ್ಲಿ ಆರಂಭವಾಯಿತು. ನಿಮ್ಮ ತಾಲೂಕಿಗೆ ಯಾವ ದಿನ ಬರುತ್ತಾರೆಂದು ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಅದಕ್ಕೆ ಹಣವಿಲ್ಲ.

ಈಗ ಮನೆಯಲ್ಲಿ ನಾವೇ ಮಾಡಬಹುದಾದ ಕೆಲಸಗಳನ್ನು ನೋಡೋಣ. ಒಂದು ನೂರು ಪುಟದ ನೋಟ್ ಪುಸ್ತಕ ತೆಗೆದುಕೊಳ್ಳಿ. ಮಾತ್ರೆಯ ಹೆಸರು, ಶುರುವಾದ ದಿನ, ನುಂಗುವ ಹೊತ್ತು, ತೊಂದರೆ ಕಾಣಿಸಿದ ದಿನ, ನುಂಗಿದ ಎಷ್ಟು ಹೊತ್ತಿಗೆ ಕಾಣಿಸಿತು, ಇಷ್ಟನ್ನು ಬರೆಯಿರಿ. ಮೆಡಿಕಲ್ ಸ್ಟೋರಿನಿಂದ ತಂದ ನೋವಿನ ಮಾತ್ರೆ, ಹಕೀಮರ ಮದ್ದು, ನಾಟಿ ಔಷಧ ಏನಿದ್ದರೂ ಮರೆಮಾಡದೆ ಬರೆಯಿರಿ. ಮಂಡಿ ನೋವಿಗೆಂದು ನುಂಗುವ ಡೈಕ್ಲೋಫಿನಾಕ್ ಬಿಪಿಯನ್ನೂ ಏರಿಸಬಹುದು, ಕಿಡ್ನಿಗೂ ಭಾರವಾಗಬಹುದು. ವೈದ್ಯರ ಬಳಿ ಹೋಗುವಾಗ ಎಲ್ಲ ಮಾತ್ರೆಗಳನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ. ಹೊಸ ಮಾತ್ರೆ ಬರೆದಾಗ ಮೂರೇ ಪ್ರಶ್ನೆ ಕೇಳಿ: ಇದು ಯಾವುದಕ್ಕೆ? ಇದರಿಂದ ಏನು ತೊಂದರೆ ಬರಬಹುದು? ಬಂದರೆ ನಾನೇನು ಮಾಡಬೇಕು? ಬಸುರಿಯಾಗಿದ್ದರೆ, ಆಗುವ ಯೋಚನೆಯಿದ್ದರೆ ಅಥವಾ ಎದೆಹಾಲು ಕೊಡುತ್ತಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ. ಮೇಲೆ ಹೇಳಿದ 'ಪ್ರಿಲ್' ಮಾತ್ರೆಗಳಾಗಲಿ, ಫಿಟ್ಸ್‌ಗೆ ಕೊಡುವ ವ್ಯಾಲ್‌ಪ್ರೊಯೇಟ್ ಆಗಲಿ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ತರಬಲ್ಲವು.

ಎಷ್ಟೋ ತೊಂದರೆಗಳು ಸಣ್ಣ ಬದಲಾವಣೆಯಿಂದಲೇ ಹೋಗುತ್ತವೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮೊದಮೊದಲು ವಾಕರಿಕೆ, ಭೇದಿ ತರುತ್ತದೆ. ಊಟದ ಜೊತೆ ನುಂಗಿದರೆ, ವೈದ್ಯರು ಕಡಿಮೆ ಪ್ರಮಾಣದಿಂದ ಏರಿಸುತ್ತಾ ಹೋದರೆ ಬಹಳ ಮಂದಿಗೆ ಅದು ಒಗ್ಗುತ್ತದೆ. ವರ್ಷಗಟ್ಟಲೆ ನುಂಗುವವರಿಗೆ ಕಾಲು ಜುಮುಗುಟ್ಟಿದರೆ ಬಿ12 ಕೊರತೆಯಿದೆಯೇ ಎಂದು ಪರೀಕ್ಷಿಸಬೇಕೆಂದು ಕೇಳಿ. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ಹೆದರಬೇಕಿಲ್ಲ. ಚಹಾದ ಜೊತೆ ಮಾತ್ರ ನುಂಗಬೇಡಿ. ಟಿಬಿಯ ರಿಫಾಂಪಿಸಿನ್‌ನಿಂದ ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ರಕ್ತವಲ್ಲ. ಮನಸ್ಸಿನ ಖಿನ್ನತೆಗೆ ಕೊಡುವ ಮಾತ್ರೆಗಳ ವಾಕರಿಕೆ ಮೊದಲ ವಾರವೇ ಬರುತ್ತದೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ತೊಂದರೆ ಮೊದಲು ಬಂದು ಗುಣ ಆಮೇಲೆ ಬರುವುದರಿಂದಲೇ ಬಹಳ ಜನ ನಡುವೆಯೇ ಬಿಟ್ಟುಬಿಡುತ್ತಾರೆ.

ಫಿಟ್ಸ್ ಮಾತ್ರೆ, ಸ್ಟೀರಾಯ್ಡ್, ಹೃದಯದ ಮಾತ್ರೆ, ಮಾನಸಿಕ ಕಾಯಿಲೆಯ ಮಾತ್ರೆ, ಇವುಗಳನ್ನು ಹಠಾತ್ತನೆ ನಿಲ್ಲಿಸುವುದೇ ಒಂದು ಅಪಾಯ. ಆದರೆ ಕಾಯುತ್ತಾ ಕೂರಬಾರದ ಲಕ್ಷಣಗಳೂ ಇವೆ. ತುಟಿ, ಮುಖ ಊದಿ ಉಸಿರು ಕಟ್ಟಿದರೆ, ಮೈಮೇಲೆ ಬೊಬ್ಬೆ ಎದ್ದು ಬಾಯಿ ಹುಣ್ಣಾದರೆ, ಕಣ್ಣು ಹಳದಿಯಾದರೆ, ನೋವಿನ ಮಾತ್ರೆ ನುಂಗುವವರಿಗೆ ಮಲ ಟಾರಿನಂತೆ ಕಪ್ಪಾದರೆ ಮುಂದಿನ ಗುಳಿಗೆ ನುಂಗದೆ ತಕ್ಷಣ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ.

ರಮಝಾನ್ ಬಗ್ಗೆ ಒಂದು ಮಾತು. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್‌ನಂತಹ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹಗಲಿಡೀ ಹಸಿದಿದ್ದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಅದರ ಗುರುತು. ಆದ್ದರಿಂದ ರಮಝಾನಿಗೆ ಒಂದೂವರೆ ಎರಡು ತಿಂಗಳ ಮೊದಲೇ ವೈದ್ಯರನ್ನು ಕಂಡು, ಸಹ್ರಿ ಮತ್ತು ಇಫ್ತಾರಿಗೆ ಮಾತ್ರೆ ಹೇಗೆ ಹೊಂದಿಸಬೇಕೆಂದು ಬರೆಸಿಕೊಳ್ಳಿ. ಬೆರಳು ಚುಚ್ಚಿ ರಕ್ತ ಪರೀಕ್ಷಿಸುವುದರಿಂದ ಉಪವಾಸ ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಕಡಿಮೆಯಾದರೆ ಅಥವಾ 300 ಮೀರಿದರೆ ಉಪವಾಸ ಬಿಡಬೇಕೆಂದು ತಜ್ಞರು ಹೇಳುತ್ತಾರೆ. ರೋಗಿಗಳಿಗೆ ಬೇರೆ ದಿನಗಳಲ್ಲಿ ಪೂರ್ತಿಗೊಳಿಸುವ ರಿಯಾಯಿತಿಯನ್ನು ಸೂರಃ ಅಲ್ ಬಕರಃದಲ್ಲಿ ಅಲ್ಲಾಹನೇ ಕೊಟ್ಟಿದ್ದಾನೆ. ಅವನು ಕೊಟ್ಟ ರಿಯಾಯಿತಿಯನ್ನು ಪಡೆಯಲು ನಾವು ಸಂಕೋಚಪಡಬೇಕೇ?

"ನನ್ನೊಬ್ಬಳ ತೊಂದರೆ ಹೇಳಿ ಏನಾಗಬೇಕು?" ಎನ್ನುವವರಿದ್ದಾರೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೋಮೈಡ್ ಎಂಬ ಮಾತ್ರೆ ಮಾರುಕಟ್ಟೆಗೆ ಬಂತು. ಬಸುರಿಯರೂ ಅದನ್ನು ನುಂಗಿದರು. ಕೈಕಾಲು ಬೆಳೆಯದ ಮಕ್ಕಳು ಹುಟ್ಟತೊಡಗಿದಾಗ ಕೆಲವು ವೈದ್ಯರು ತಾಯಂದಿರನ್ನು ಕೇಳುತ್ತಾ ಹೋದರು, ತಾಯಂದಿರು ತಾವು ನುಂಗಿದ್ದನ್ನು ನೆನಪಿಸಿಕೊಂಡು ಹೇಳಿದರು. 1961ರ ಕೊನೆಯಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅಷ್ಟರಲ್ಲಿ ಜಗತ್ತಿನಲ್ಲಿ ಸಾವಿರಾರು ಮಕ್ಕಳು ಬಲಿಯಾಗಿದ್ದರು. ಆ ಪಾಠದಿಂದಲೇ ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಔಷಧಗಳ ಅಡ್ಡ ಪರಿಣಾಮಗಳನ್ನು ದಾಖಲಿಸುವ ಕೆಲಸ ಆರಂಭಿಸಿತು. ನಮ್ಮ ದೇಶದಲ್ಲಿ ಇದಕ್ಕೆಂದೇ 2010ರಲ್ಲಿ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಶುರುವಾಯಿತು. 1800-180-3024 ಎಂಬ ಉಚಿತ ಸಂಖ್ಯೆಗೆ ಕೆಲಸದ ದಿನಗಳಲ್ಲಿ ಕರೆ ಮಾಡಿ ರೋಗಿಯೇ ತನ್ನ ತೊಂದರೆಯನ್ನು ತಿಳಿಸಬಹುದು. ನೀವು ಹೇಳಿದ ಒಂದು ಮಾತು ಗುರುತು ಪರಿಚಯವಿಲ್ಲದ ಇನ್ನೊಬ್ಬ ತಾಯಿಯನ್ನು ಉಳಿಸಬಹುದು.

ಶಿಫಾ ನೀಡುವವನು ಅಲ್ಲಾಹನು. ವೈದ್ಯರು ಅದಕ್ಕೊಂದು ಕಾರಣ ಮಾತ್ರ, ಮತ್ತು ಅವರು ನಮ್ಮ ಮೈಯೊಳಗೆ ಇಣುಕಿ ನೋಡಲಾರರು. ಮಾತ್ರೆ ನುಂಗಿದ ಮೇಲೆ ಏನಾಯಿತೆಂದು ನಾವು ಹೇಳಿದರಷ್ಟೇ ಅವರಿಗೆ ತಿಳಿಯುತ್ತದೆ. ಮುಂದಿನ ಬಾರಿ ವೈದ್ಯರು "ಹೇಗಿದ್ದೀರಿ?" ಎಂದು ಕೇಳಿದಾಗ ಪಕ್ಕದವರು ಉತ್ತರಿಸುವ ಮೊದಲೇ ನೀವು ಬಾಯಿ ತೆರೆಯಿರಿ. ನಾಚಿಕೆಯಾದರೆ ಚೀಟಿ ಕೊಡಿ. ಮಾತ್ರೆ ಬೇಡವೆನಿಸಿದರೆ ಅದನ್ನೂ ಅವರಿಗೇ ಹೇಳಿ.